ಎಳೆತ ಅಳೆದು ಮೋಟಾರ್ ಕೊಳ್ಳಿ

ಚಳ್ಳಕೆರೆ ಸೀಮೆಯ ರೈತರು ಬೋರ್‌ವೆಲ್‌ಗೆ ಮೋಟಾರ್ ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಎಷ್ಟು ಅಡಿ ಕೊರೆಸಿದ್ದೀರಿ? ನೀರು ಎಷ್ಟು ಅಡಿಗೆ ಸಿಕ್ಕಿತು? ಎಷ್ಟು ಇಂಚು ಬರುತ್ತಿದೆ? ಕೇಸಿಂಗ್ ಎಷ್ಟು ಇಂಚಿನದು? ಇಷ್ಟು ಕೇಳಿದ ಮೇಲೇ ಇಷ್ಟು ಎಚ್‌ಪಿ ಬೇಕು, ಪಂಪಿಗೆ ಇಷ್ಟು ಸ್ಟೇಜ್ ಬೇಕು ಎಂದು ಹೇಳುತ್ತಾರೆ. ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ರೈತರು ಕೇಳುವುದಿಲ್ಲ, ಅಂಗಡಿಯವರು ಹೇಳುವುದೂ ಇಲ್ಲ. ಕೇಳಿ ಪ್ರಯೋಜನವಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸಾಮಾನ್ಯ ಸಬ್‌ಮರ್ಸಿಬಲ್ ಮೋಟಾರ್ 5 ಎಚ್‌ಪಿಯದಾಗಲಿ, 10 ಎಚ್‌ಪಿಯದಾಗಲಿ, ತಿರುಗುವುದು ನಿಮಿಷಕ್ಕೆ ಸುಮಾರು 2,900 ಸುತ್ತು. ಆ ಸುತ್ತನ್ನು ಎಷ್ಟು ಭಾರ ಹೊತ್ತು ತಿರುಗುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಅದೇ ಮನೆಯ ಮಕ್ಕಳು ಬೇಸಿಗೆ ರಜೆಯಲ್ಲಿ ಲೆಗೊ ಥರದ ಪ್ಲಾಸ್ಟಿಕ್ ಬ್ಲಾಕ್‌ಗಳನ್ನು ಜೋಡಿಸಿ ರಿಮೋಟ್ ರೇಸ್ ಕಾರು ಮಾಡಲು ಕೂತಾಗ ಆನ್‌ಲೈನ್ ಅಂಗಡಿಯಲ್ಲಿ ನೋಡುವುದು ನಿಮಿಷದ ಸುತ್ತು ಹೇಳುವ ಆರ್‌ಪಿಎಂ ಒಂದನ್ನೇ. ಮುನ್ನೂರಕ್ಕಿಂತ ಐನೂರು ಮೇಲು, ಐನೂರಕ್ಕಿಂತ ಸಾವಿರ ಮೇಲು ಎಂದು ಆರ್ಡರ್ ಮಾಡುತ್ತಾರೆ. ಕೈಯಲ್ಲಿ ಹಿಡಿದಾಗ ಚಕ್ರ ಗಿರಗಿರನೆ ತಿರುಗುತ್ತದೆ. ಅಂಗಳಕ್ಕೆ ಇಳಿಸಿದ ಕೂಡಲೇ ಗುಂಯ್ ಎಂದು ಸದ್ದು ಮಾಡಿ ನಿಂತುಬಿಡುತ್ತದೆ. ದುಡ್ಡು ಹೋಯಿತು, ಮಗುವಿನ ಉತ್ಸಾಹವೂ ಹೋಯಿತು. ಈ ವಾರದ ಬರಹ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಅಂಥ ಮಕ್ಕಳಿಗೆ, ಅವರ ವಿಜ್ಞಾನ ಮೇಷ್ಟ್ರುಗಳಿಗೆ, ಮೋಟಾರಿಗೆ ದುಡ್ಡು ಕೊಡುವ ಅಪ್ಪ ಅಮ್ಮಂದಿರಿಗೆ. ನಾನು ಹೇಳಬೇಕಾದದ್ದು ಒಂದೇ ಮಾತು: ಬೋರ್‌ವೆಲ್ ಮೋಟಾರನ್ನು ಆರಿಸುವ ಕ್ರಮದಲ್ಲೇ ಆಟಿಕೆಯ ಮೋಟಾರನ್ನೂ ಆರಿಸಿ. ಹೊರಬೇಕಾದ ಭಾರ ಮೊದಲು ಗೊತ್ತಾಗಲಿ, ಮೋಟಾರ್ ಆಮೇಲೆ.

ಆ ಭಾರವನ್ನು ಅಳೆಯುವುದು ಬಹಳ ಸುಲಭ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಸ್ಪ್ರಿಂಗ್ ತಕ್ಕಡಿ ಇರುತ್ತದೆ. ಮೋಟಾರ್ ಇಲ್ಲದ ಕಾರನ್ನು ಜೋಡಿಸಿ, ಬ್ಯಾಟರಿಯಷ್ಟು ಮತ್ತು ಮೋಟಾರಿನಷ್ಟು ತೂಕದ ಕಲ್ಲನ್ನು ಅದರ ಮೇಲೆ ಕಟ್ಟಿ, ಮುಂದಕ್ಕೆ ದಾರ ಬಿಗಿದು ತಕ್ಕಡಿಯಿಂದ ಒಂದೇ ಸಮನೆ ಎಳೆಯಿರಿ. ಮುಳ್ಳು ತೋರಿಸುವ ಗ್ರಾಮೇ ನಿಮ್ಮ ಕಾರಿನ ಎಳೆತ. ಒಂದು ಕಿಲೋ ತೂಗುವ ಕಾರು ಶಾಲೆಯ ನುಣುಪು ನೆಲದ ಮೇಲೆ ಸುಮಾರು 35 ಗ್ರಾಂ ತೋರಿಸಿತು ಎಂದಿಟ್ಟುಕೊಳ್ಳಿ. ಅದೇ ಕಾರನ್ನು ಹೊರಗಿನ ಮರಳು ಬೆರೆತ ಕೆಂಪು ಮಣ್ಣಿಗೆ ಇಳಿಸಿದರೆ ಮುಳ್ಳು 100 ಗ್ರಾಂ ದಾಟಿದರೂ ಆಶ್ಚರ್ಯವಿಲ್ಲ. ಎರೆ ಹೊಲದ ಒಣಗಿದ ಹೆಂಟೆಗಳ ಮೇಲಂತೂ ಇಷ್ಟು ಚಿಕ್ಕ ಚಕ್ರ ಓಡುವುದೇ ಇಲ್ಲ, ಆ ಆಸೆ ಬಿಡಿ. ಇನ್ನು ಮೊಳಕಾಲ್ಮೂರು ಬಂಡೆಗುಡ್ಡಗಳ ನಡುವಿನ ಊರು. ಅಲ್ಲಿ ಅಂಗಳ ದಾಟಿದರೆ ಇಳಿಜಾರು ಸಿಗುತ್ತದೆ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಒಂದು ಕಿಲೋ ಕಾರಿಗೆ ಇನ್ನೂ 100 ಗ್ರಾಂ ಎಳೆತ ಸೇರುತ್ತದೆ. ಅಂದರೆ ಒಂದೇ ಕಾರು, ಮೂರು ಜಾಗ: 35, 100, 200 ಗ್ರಾಂ. ಈ ಮೂರು ಸಂಖ್ಯೆಗಳನ್ನು ನೆನಪಿಡಿ. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೇ ನಿಂತಿದೆ.

ಮೋಟಾರಿನ ವಿವರ ಬರೆಯುವಾಗ ನಮ್ಮ ಮಾರಾಟಗಾರರು ಆರ್‌ಪಿಎಂ ಜೊತೆಗೆ ಟಾರ್ಕ್ ಎಂಬ ಇನ್ನೊಂದು ಅಂಕಿ ಕೊಡುತ್ತಾರೆ. ಅದರ ಅಳತೆ ಕೆಜಿ-ಸೆಂ.ಮೀ. ಮೋಟಾರಿನ ಅಚ್ಚಿನ ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಎಷ್ಟು ಕಿಲೋ ತೂಗುಹಾಕಿದರೆ ಅದು ತಿರುಗಲಾರದೆ ನಿಲ್ಲುತ್ತದೋ ಅದೇ ಆ ಅಂಕಿ. ನಮ್ಮ ಎಳೆತವನ್ನೂ ಇದೇ ಅಳತೆಗೆ ತರಬಹುದು. ಬ್ಲಾಕ್ ಕಾರುಗಳಿಗೆ ಬಳಸುವ ಸಾಮಾನ್ಯ ಟೈರೊಂದರ ಅಡ್ಡಳತೆ 62 ಮಿಲಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 3.1 ಸೆಂಟಿಮೀಟರ್. ಮಣ್ಣಿನ 100 ಗ್ರಾಮನ್ನು 3.1ರಿಂದ ಗುಣಿಸಿದರೆ 310 ಗ್ರಾಂ-ಸೆಂ.ಮೀ., ಅಂದರೆ 0.31 ಕೆಜಿ-ಸೆಂ.ಮೀ. ಹಲ್ಲುಚಕ್ರಗಳ ಉಜ್ಜಾಟಕ್ಕೆ ನೂರಕ್ಕೆ ಹದಿನೈದು ಸೇರಿಸಿದರೆ ಹತ್ತಿರಹತ್ತಿರ 0.36. ನುಣುಪು ನೆಲಕ್ಕೆ ಇದು 0.13 ಆಗುತ್ತದೆ, ಏರುದಾರಿಗೆ 0.71.

ಈಗ ಮೋಟಾರಿನ ಸ್ವಭಾವಕ್ಕೆ ಬರೋಣ. ಆಟಿಕೆಗಳಲ್ಲಿರುವುದು ಬ್ರಷ್ ಇರುವ ಡಿಸಿ ಮೋಟಾರ್. ಇದರ ನಡವಳಿಕೆಯನ್ನು ಗ್ರಾಫ್ ಕಾಗದದ ಮೇಲೆ ಒಂದೇ ನೇರ ಗೆರೆಯಲ್ಲಿ ಬರೆಯಬಹುದು. ಭಾರವೇ ಇಲ್ಲದಿದ್ದಾಗ ಅತಿ ಹೆಚ್ಚು ಸುತ್ತು. ಭಾರ ಏರಿದಷ್ಟೂ ಅದೇ ಪ್ರಮಾಣದಲ್ಲಿ ಸುತ್ತು ಇಳಿಯುತ್ತದೆ. ತಾಳಬಲ್ಲ ಭಾರದ ಅರ್ಧ ಹೊರಿಸಿದರೆ ಸುತ್ತೂ ಅರ್ಧ. ಪೂರ್ತಿ ಹೊರಿಸಿದರೆ ಸೊನ್ನೆ. ಹೀಗೆ ಪೂರ್ತಿ ನಿಂತುಬಿಡುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಕರೆಂಟ್ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ: ಭಾರ ಏರಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ, ನಿಂತಾಗ ಅತಿ ಹೆಚ್ಚು. ನಿಂತ ಮೋಟಾರ್ ಕೆಲಸವನ್ನೇನೂ ಮಾಡುವುದಿಲ್ಲ, ಬಂದ ಕರೆಂಟೆಲ್ಲ ಬಿಸಿಯಾಗಿಯೇ ಹೋಗುತ್ತದೆ. ಚಕ್ರ ಸಿಕ್ಕಿಕೊಂಡಿದ್ದರೂ ರಿಮೋಟ್ ಒತ್ತಿಯೇ ಹಿಡಿದರೆ ಸುಟ್ಟ ವಾಸನೆ ಬರುವುದು ಇದರಿಂದಲೇ. ಮೋಟಾರಿನಿಂದ ಅತಿ ಹೆಚ್ಚು ಕೆಲಸ ಸಿಗುವುದು ಸುತ್ತು ಅರ್ಧಕ್ಕೆ ಇಳಿದ ಜಾಗದಲ್ಲಿ. ಆದರೆ ಅಲ್ಲಿ ಬಹಳ ಹೊತ್ತು ಓಡಿಸಿದರೆ ಕಾಯುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಸುತ್ತು ಮೂರನೇ ಒಂದಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಕಾರು ಚುರುಕಾಗಿಯೂ ಇರುತ್ತದೆ, ಮೋಟಾರ್ ಬಾಳಿಕೆಯೂ ಬರುತ್ತದೆ.

ಡೆನ್ಮಾರ್ಕಿನ ಲೆಗೊ ಕಂಪನಿ 2007ರಿಂದ ಪವರ್ ಫಂಕ್ಷನ್ಸ್ ಎಂಬ ಹೆಸರಿನಲ್ಲಿ ಮೋಟಾರುಗಳನ್ನು ಮಾರಿತು. ಈಗ ಆ ಸಾಲನ್ನು ನಿಲ್ಲಿಸಿದೆ. ಅದೇ ಆಕಾರದ, ಅದೇ ಅಳತೆಯ ಬೇರೆ ಕಂಪನಿಗಳ ಮೋಟಾರುಗಳು ಸಿಗುತ್ತವೆ. ಹವ್ಯಾಸಿಗಳು ಮೂಲ ಮೋಟಾರುಗಳನ್ನು 9 ವೋಲ್ಟ್‌ನಲ್ಲಿ ಅಳೆದು ಇಟ್ಟಿರುವುದರಿಂದ ಲೆಕ್ಕಕ್ಕೆ ಅವು ಅನುಕೂಲ. ಎಂ ಎಂಬ ಮಧ್ಯಮ ಮೋಟಾರ್ ಸುಮಾರು 400 ಸುತ್ತು, 1.1 ಕೆಜಿ-ಸೆಂ.ಮೀ. ಎಲ್ ಎಂಬುದು 390 ಸುತ್ತು, 1.8 ಕೆಜಿ-ಸೆಂ.ಮೀ. ಎಕ್ಸ್‌ಎಲ್ 220 ಸುತ್ತು, 4 ಕೆಜಿ-ಸೆಂ.ಮೀ. ಹೆಸರು ನೋಡಿ ಎಕ್ಸ್‌ಎಲ್ ಕೊಳ್ಳುವವರು ಬಹಳ. ಅದು ದೊಡ್ಡದು ನಿಜ, ಆದರೆ ಮೂರರಲ್ಲಿ ಅದೇ ನಿಧಾನ. ಬಲವನ್ನೂ ಸುತ್ತನ್ನೂ ಗುಣಿಸಿ ವಾಟ್ ಲೆಕ್ಕಕ್ಕೆ ತಂದರೆ ಎಂ ಕೊಡುವುದು ಹೆಚ್ಚೆಂದರೆ 1.2 ವಾಟ್, ಎಲ್ 1.8, ಎಕ್ಸ್‌ಎಲ್ 2.3. ಹೊಲದ 5 ಎಚ್‌ಪಿ ಮೋಟಾರ್ 3,730 ವಾಟ್ ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ನಮ್ಮ ಕೈಯಲ್ಲಿರುವುದು ಎಷ್ಟು ಸಣ್ಣ ಶಕ್ತಿ ಎಂದು ತಿಳಿಯುತ್ತದೆ. ಒಂದು ವಾಟನ್ನೂ ಪೋಲು ಮಾಡುವಂತಿಲ್ಲ. ತೂಕದ ಲೆಕ್ಕದಲ್ಲೂ ಎಲ್ ಮೋಟಾರೇ ವಾಸಿ: ಅದು ಸುಮಾರು 42 ಗ್ರಾಂ, ಎಕ್ಸ್‌ಎಲ್ 69 ಗ್ರಾಂ.

ಎಲ್ ಮೋಟಾರನ್ನು 62 ಮಿ.ಮೀ. ಚಕ್ರಕ್ಕೆ ನೇರವಾಗಿ ಜೋಡಿಸಿದರೆ ಏನಾಗುತ್ತದೆ? ಚಕ್ರ ಒಂದು ಸುತ್ತು ಹಾಕಿದಾಗ ಕಾರು ಸುಮಾರು 19.5 ಸೆಂಟಿಮೀಟರ್ ಮುಂದೆ ಹೋಗುತ್ತದೆ. 390 ಸುತ್ತಿಗೆ ನಿಮಿಷಕ್ಕೆ 76 ಮೀಟರ್, ಗಂಟೆಗೆ 4.6 ಕಿಲೋಮೀಟರ್. ಭಾರ ಬಿದ್ದ ಮೇಲೆ ನುಣುಪು ನೆಲದಲ್ಲಿ 4.3, ಮಣ್ಣಿನಲ್ಲಿ 3.7, ಏರಿನಲ್ಲಿ 2.8. ಇದು ಮನುಷ್ಯರ ನಡಿಗೆ. ರೇಸ್ ಕಾರು ಎಂದು ಕರೆಯಲಾಗದು.

ಹಾಗಾದರೆ ಗೇರ್ ಹಾಕಿ ವೇಗ ಹೆಚ್ಚಿಸೋಣ. ಮೋಟಾರಿಗೆ 24 ಹಲ್ಲಿನ ಚಕ್ರ, ಅಚ್ಚಿಗೆ 8 ಹಲ್ಲಿನದು ಹಾಕಿದರೆ ಸುತ್ತು ಮೂರು ಪಟ್ಟು ಹೆಚ್ಚುತ್ತದೆ, ಬಲ ಮೂರನೇ ಒಂದಕ್ಕೆ ಇಳಿಯುತ್ತದೆ: 1.8 ಇದ್ದದ್ದು 0.6. ನುಣುಪು ನೆಲದಲ್ಲಿ ಬೇಕಾದದ್ದು 0.13 ಮಾತ್ರ, ಹಾಗಾಗಿ ಕಾರು ಗಂಟೆಗೆ 11 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಮಕ್ಕಳು ಕುಣಿದಾಡುತ್ತಾರೆ. ಅದೇ ಕಾರನ್ನು ಮಣ್ಣಿಗೆ ಇಳಿಸಿದರೆ ಇರುವ 0.6ರಲ್ಲಿ 0.36 ಎಳೆತಕ್ಕೇ ಹೋಗುತ್ತದೆ. ವೇಗ ಐದೂವರೆಗೆ ಕುಸಿಯುತ್ತದೆ. ಏರುದಾರಿಗೆ 0.71 ಬೇಕು, ಇರುವುದು 0.6. ಕಾರು ಕದಲುವುದೇ ಇಲ್ಲ. ಮೋಟಾರ್ ಕೆಟ್ಟಿದೆ ಎಂದು ಮಕ್ಕಳು ಬಿಚ್ಚಲು ಕೂರುತ್ತಾರೆ. ಮೋಟಾರಿಗೆ ಏನೂ ಆಗಿರುವುದಿಲ್ಲ.

ನಡುವಿನ ದಾರಿಯೊಂದಿದೆ. 20 ಹಲ್ಲಿನ ಚಕ್ರದಿಂದ 12 ಹಲ್ಲಿನದಕ್ಕೆ. ಸುತ್ತು ಸುಮಾರು ಒಂದೂಮುಕ್ಕಾಲು ಪಟ್ಟಿನ ಹತ್ತಿರ, ಕರಾರುವಾಕ್ಕಾಗಿ 1.67. ಬಲ 1.08 ಉಳಿಯುತ್ತದೆ. ಈಗ ನುಣುಪು ನೆಲದಲ್ಲಿ ಗಂಟೆಗೆ 6.8, ಮಣ್ಣಿನಲ್ಲಿ 5.1, ಏರಿನಲ್ಲಿ 2.6. ಈ ಲೆಕ್ಕದಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಮಣ್ಣಿನ ಅಂಕಿ. ಮೂರು ಪಟ್ಟಿನ ಗೇರ್ ಮಣ್ಣಿನಲ್ಲಿ ಕೊಟ್ಟದ್ದು ಐದೂವರೆ, ಈ ಸಾಧಾರಣ ಗೇರ್ ಕೊಟ್ಟದ್ದು ಐದಕ್ಕೂ ತುಸು ಹೆಚ್ಚು. ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಎಳೆಯುವ ಕರೆಂಟ್ ಮೊದಲನೆಯದರಲ್ಲಿ ಸುಮಾರು 0.8 ಆಂಪಿಯರ್, ಎರಡನೆಯದರಲ್ಲಿ 0.5. ಒಂದು ಕಾಯುತ್ತಾ ಓಡುತ್ತದೆ, ಇನ್ನೊಂದು ತಣ್ಣಗೆ ಓಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿಯ ಹತ್ತಿರಕ್ಕೆ ಏರುವ ನಮ್ಮ ಬಿಸಿಲಿನಲ್ಲಿ ಇದು ಸಣ್ಣ ವಿಷಯವಲ್ಲ.

ನಿಜವಾದ ಪರಿಹಾರ ಇನ್ನೊಂದು ಮೋಟಾರ್ ಸೇರಿಸುವುದು. ಎರಡು ಎಲ್ ಮೋಟಾರುಗಳನ್ನು ಒಂದೇ ಹಿಂದಿನ ಅಚ್ಚಿಗೆ ಜೋಡಿಸಿ, ಮೂರು ಪಟ್ಟಿನ ಗೇರ್ ಇಟ್ಟರೆ ಚಕ್ರದ ಬಲ 1.2 ಕೆಜಿ-ಸೆಂ.ಮೀ. ಆಗುತ್ತದೆ. ಹೆಚ್ಚಿದ ತೂಕವನ್ನು ಬದಿಗಿಟ್ಟರೆ ನುಣುಪು ನೆಲದಲ್ಲಿ 12, ಮಣ್ಣಿನಲ್ಲಿ 9ರಿಂದ 10, ಏರಿನಲ್ಲಿ ಐದೂವರೆ. ಮಣ್ಣಿನಲ್ಲಿ ಸುತ್ತು ಇಳಿಯುವುದು ಮೂರನೇ ಒಂದಕ್ಕಿಂತ ಕಡಿಮೆ. ಒಂದು ಮೋಟಾರಿನ ಕಾರಿಗೆ ಹೋಲಿಸಿದರೆ ನುಣುಪು ನೆಲದ ವೇಗ ಹೆಚ್ಚಿದ್ದು ಅಲ್ಪವೇ. ಮಣ್ಣಿನ ವೇಗ ಮಾತ್ರ ಹತ್ತಿರಹತ್ತಿರ ಇಮ್ಮಡಿ. ಮೊದಲು ಕದಲದೆ ನಿಂತಿದ್ದ ಏರನ್ನು ಈಗ ಹತ್ತುತ್ತದೆ. ಎರಡು ಮೋಟಾರ್ ಜೋಡಿಸುವಾಗ ಒಂದು ಎಚ್ಚರಿಕೆ: ಎರಡೂ ಒಂದೇ ಮಾದರಿಯವಾಗಿರಲಿ, ಒಂದೇ ದಿಕ್ಕಿಗೆ ತಿರುಗುವಂತೆ ವೈರ್ ಕೊಡಿ. ಬೇರೆ ಬೇರೆ ಆರ್‌ಪಿಎಂನವನ್ನು ಒಂದೇ ಅಚ್ಚಿಗೆ ಕಟ್ಟಿದರೆ ವೇಗದ ಮೋಟಾರೇ ಬಹುಪಾಲು ಭಾರ ಹೊರಬೇಕಾಗುತ್ತದೆ. ನಿಧಾನದ್ದು ಅದಕ್ಕೆ ಹೊರೆಯೂ ಆಗಬಹುದು.

ಇಷ್ಟು ಓದಿದವರು ಕೇಳಬಹುದು, ಲೆಗೊ ಮೋಟಾರಿಗೆ ಸಾವಿರಗಟ್ಟಲೆ ಕೊಡುವವರು ಯಾರು ಎಂದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಅತಿ ಅಗ್ಗಕ್ಕೆ ಸಿಗುವುದು ಹಳದಿ ಪ್ಲಾಸ್ಟಿಕ್ ಡಬ್ಬಿಯ ಬಿಒ ಮೋಟಾರ್. ಶಾಲಾ ರೋಬೋಟ್ ಕಿಟ್‌ಗಳಲ್ಲೆಲ್ಲ ಇರುವುದು ಅದೇ. ಒಳಗೆ 48ಕ್ಕೆ 1ರ ಗೇರ್ ಇರುವ ಮಾದರಿ ಹೆಚ್ಚು ಬಳಕೆಯಲ್ಲಿದೆ. 6 ವೋಲ್ಟ್‌ನಲ್ಲಿ 200ರಿಂದ 250 ಸುತ್ತು, ಬಲ ಸುಮಾರು 0.8 ಕೆಜಿ-ಸೆಂ.ಮೀ. ಜೊತೆಗೆ ಬರುವ 65 ಮಿ.ಮೀ. ಚಕ್ರ ಹಾಕಿದರೆ ಭಾರವಿಲ್ಲದೆಯೂ ಗಂಟೆಗೆ ಎರಡೂವರೆ, ಮೂರು ಕಿಲೋಮೀಟರ್. ಗೆರೆ ಹಿಡಿದು ಹೋಗುವ ರೋಬೋಟಿಗೆ ಇದು ಸಾಕು, ಕಲಿಯಲೂ ಒಳ್ಳೆಯದು. ರೇಸಿಗೆ ಆಗದು. ಕೊಡುವ ಶಕ್ತಿಯೇ ಅರ್ಧ ವಾಟ್ ಆಗಿರುವಾಗ ಗೇರ್ ಬದಲಿಸಿ ಏನೂ ಗಳಿಸಲಾಗದು.

ಎನ್20 ಎಂಬ ಪುಟ್ಟ ಮೋಟಾರ್ ಬ್ಲಾಕ್ ಕಾರಿಗೆ ಚೆನ್ನಾಗಿ ಹೊಂದುತ್ತದೆ. ಅದರ ಅಗಲ 12 ಮಿ.ಮೀ., ಎತ್ತರ 10 ಮಿ.ಮೀ. ಬ್ಲಾಕ್‌ಗಳ ಗುಬುಟುಗಳ ನಡುವಿನ ಅಂತರ 8 ಮಿ.ಮೀ. ಆದ್ದರಿಂದ ಎರಡು ಗುಬುಟಿನ ಜಾಗದಲ್ಲಿ ಕೂರಿಸಬಹುದು. ಹಗುರವಾದ, ಅರ್ಧ ಕಿಲೋ ಒಳಗಿನ ಕಾರಿಗೆ ನಾನು ಇದನ್ನೇ ಹೇಳುತ್ತೇನೆ, ಎರಡು ಹಾಕುವುದಾದರೆ. ಹೆಚ್ಚು ತೂಕದ ಕಾರಿಗೆ ನಮ್ಮ ಅಂಗಡಿಗಳಲ್ಲಿ ಜಾನ್ಸನ್ ಗೇರ್ ಮೋಟಾರ್ ಎಂದು ಮಾರುವ, ಲೋಹದ ಹಲ್ಲುಗಳ 12 ವೋಲ್ಟ್ ಮೋಟಾರ್ ಇದೆ. ಬಲದಲ್ಲಿ ಅದು ಪ್ಲಾಸ್ಟಿಕ್ ಮೋಟಾರುಗಳಿಗಿಂತ ಬಹಳ ಮುಂದೆ. ತೂಕದಲ್ಲೂ ಹಾಗೇ, ಅದರ 6 ಮಿ.ಮೀ. ಅಚ್ಚು ಬ್ಲಾಕ್‌ಗಳಿಗೆ ಕೂರುವುದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಯಾರಾದರೂ ಹೋಗುವವರಿದ್ದರೆ ಈ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿ ತರಲು ಹೇಳಿ. ಒಂದು ವಿಷಯ ಮಾತ್ರ ಕೇಳಿಯೇ ತರಬೇಕು: ಬರೆದಿರುವ ಟಾರ್ಕ್ ನಿಲ್ಲುವ ಹೊತ್ತಿನದೋ, ಓಡುತ್ತಾ ತಾಳಬಲ್ಲದ್ದೋ? ಕೆಲವರು ಒಂದನ್ನು ಬರೆಯುತ್ತಾರೆ, ಕೆಲವರು ಇನ್ನೊಂದನ್ನು. ಎರಡಕ್ಕೂ ಹಲವು ಪಟ್ಟು ವ್ಯತ್ಯಾಸವಿರುತ್ತದೆ.

ಅಚ್ಚು ಜೋಡಿಸುವ ಕೆಲಸದಲ್ಲೇ ಹೆಚ್ಚು ಮಕ್ಕಳು ಸೋಲುವುದು. ಬ್ಲಾಕ್‌ಗಳ ಪ್ಲಸ್ ಆಕಾರದ ಅಚ್ಚು 4.8 ಮಿ.ಮೀ., ಎನ್20ಯದು ಒಂದು ಬದಿ ಚಪ್ಪಟೆಯಾದ 3 ಮಿ.ಮೀ. ಇವೆರಡನ್ನೂ ಒಂದೇ ಗೆರೆಯಲ್ಲಿ ಹಿಡಿಯುವ ಪುಟ್ಟ ಜೋಡಣೆ ಬೇಕು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ತ್ರೀಡಿ ಪ್ರಿಂಟರ್ ಇರುತ್ತದೆ; ಈ ತುಂಡು ಅದಕ್ಕೆ ಹೇಳಿ ಮಾಡಿಸಿದ ಕೆಲಸ. ಪ್ರಿಂಟರ್ ಇಲ್ಲದವರು ಬ್ಲಾಕ್ ಸೆಟ್ಟಿನಲ್ಲೇ ಬರುವ ಅಚ್ಚು ಜೋಡಿಸುವ ತುಂಡಿನ ಒಂದು ತುದಿಯನ್ನು ಮೋಟಾರಿನ ಅಚ್ಚು ಬಿಗಿಯಾಗಿ ಕೂರುವಂತೆ ಸರಿಮಾಡಿ, ಅರಾಲ್ಡೈಟ್ ಹಚ್ಚಿ ಒಂದು ರಾತ್ರಿ ಬಿಡಬಹುದು. ಕೂದಲೆಳೆಯಷ್ಟು ಓರೆಯಾದರೂ ಚಕ್ರ ಕುಂಟುತ್ತದೆ, ಉಜ್ಜಾಟ ಹೆಚ್ಚಿ ನಮ್ಮ ಶೇಕಡಾ 15ರ ಲೆಕ್ಕ ಕೆಡುತ್ತದೆ. ಆದ್ದರಿಂದ ಜೋಡಿಸಿದ ಮೇಲೆ ಮೊದಲು ಕೈಯಿಂದ ತಿರುಗಿಸಿ ನೋಡಿ.

ಡ್ರೋನ್‌ಗಳಲ್ಲಿ ಇರುವ ಬ್ರಷ್‌ಲೆಸ್ ಮೋಟಾರ್ ಹಾಕಿದರೆ ಹೇಗೆ ಎಂದು ದೊಡ್ಡ ಹುಡುಗರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅದರ ಮೇಲೆ 2,000 ಕೆವಿ ಎಂದು ಬರೆದಿದ್ದರೆ ವೋಲ್ಟ್‌ಗೆ 2,000 ಸುತ್ತು ಎಂದು ಅರ್ಥ, 7.4 ವೋಲ್ಟ್ ಬ್ಯಾಟರಿಯಲ್ಲಿ ಅದು 14,800 ಸುತ್ತು. ಪ್ಲಾಸ್ಟಿಕ್ ಅಚ್ಚು ಪ್ಲಾಸ್ಟಿಕ್ ತೂತಿನಲ್ಲಿ ಬೇರಿಂಗ್ ಇಲ್ಲದೆ ಆ ವೇಗದಲ್ಲಿ ತಿರುಗಿದರೆ ಉಜ್ಜಿದ ಜಾಗ ಕರಗುತ್ತದೆ. ಬ್ಲಾಕ್‌ಗಳು ಎಬಿಎಸ್ ಪ್ಲಾಸ್ಟಿಕ್‌ನವು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಮೆತ್ತಗಾಗತೊಡಗುತ್ತದೆ. ವೇಗ ತಗ್ಗಿಸುವ ಲೋಹದ ಗೇರು, ಬೇರಿಂಗು, ಕಬ್ಬಿಣದ ಅಚ್ಚು ಎಲ್ಲವನ್ನೂ ಹಾಕಿದ ಮೇಲೆ ಅದು ಬ್ಲಾಕ್ ಕಾರಾಗಿ ಉಳಿಯುವುದಿಲ್ಲ.

ಮೋಟಾರ್ ಸರಿಯಾಗಿ ಆರಿಸಿಯೂ ಕಾರು ಮಂದವಾಗಿದ್ದರೆ ದೋಷ ಬಹುಪಾಲು ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಕರೆಂಟ್ ಕೊಡುವ ಡ್ರೈವರ್ ಬೋರ್ಡಿನದು. ಕಿಟ್‌ಗಳ ಜೊತೆ ಬರುವ ಕೆಂಪು ಎಲ್298ಎನ್ ಬೋರ್ಡ್ ಹಳೆಯ ಕಾಲದ ವಿನ್ಯಾಸ. ಒಂದು ಆಂಪಿಯರ್ ಹರಿದಾಗ ತಾನೇ 2 ವೋಲ್ಟ್‌ನಷ್ಟು ತಿಂದುಹಾಕುತ್ತದೆ. 6 ವೋಲ್ಟ್ ಕೊಟ್ಟರೆ ಮೋಟಾರಿಗೆ ತಲುಪುವುದು 4. ವೇಗದ ಮೂರನೇ ಒಂದು ಭಾಗ ಬೋರ್ಡಿನ ಬಿಸಿಯಾಗಿ ಹೋಯಿತು. ಟಿಬಿ6612 ಅಥವಾ ಡಿಆರ್‌ವಿ8833 ಚಿಪ್ ಇರುವ ಪುಟ್ಟ ಬೋರ್ಡುಗಳಲ್ಲಿ ಈ ನಷ್ಟ ಬಹಳ ಕಡಿಮೆ. ಅವು ಒಂದೊಂದು ಮೋಟಾರಿಗೆ ಸತತವಾಗಿ ಒಂದು ಆಂಪಿಯರಿನ ಆಸುಪಾಸು ಕೊಡಬಲ್ಲವು. ಎಲ್ ಮೋಟಾರ್ ನಿಂತಾಗ ಎಳೆಯುವುದು 1.3 ಆಂಪಿಯರ್, ಆದ್ದರಿಂದ ಪ್ರತಿ ಮೋಟಾರಿಗೂ ಬೋರ್ಡಿನ ಒಂದೊಂದು ಬದಿಯನ್ನೇ ಮೀಸಲಿಡಿ.

ಬ್ಯಾಟರಿಯ ಮಾತೂ ಹೀಗೇ. ಆರು ಪೆನ್ಸಿಲ್ ಸೆಲ್ ಹಾಕಿದರೆ ಹೊಸದಾಗಿದ್ದಾಗ 9 ವೋಲ್ಟ್. ಆದರೆ ಎರಡು ಮೋಟಾರ್ ಒಟ್ಟಿಗೆ ಎಳೆದಾಗ ವೋಲ್ಟೇಜ್ ಜಗ್ಗಿಬಿಡುತ್ತದೆ, ತೂಕವೂ 140 ಗ್ರಾಂ. ಎರಡು 18650 ಲಿಥಿಯಂ ಸೆಲ್ 90 ಗ್ರಾಮಿನ ಆಸುಪಾಸಿನಲ್ಲಿ 7.4 ವೋಲ್ಟ್ ಕೊಡುತ್ತವೆ, ಜಗ್ಗುವುದಿಲ್ಲ. ಕೈಬ್ಯಾಟರಿಗಳಿಂದ ಕಿತ್ತ ಹಳೆಯ ಸೆಲ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ. ರಕ್ಷಣಾ ಬೋರ್ಡ್ ಇರುವ ಪ್ಯಾಕನ್ನೇ ಕೊಳ್ಳಿ, ದೊಡ್ಡವರು ಎದುರಿಗೆ ಇರುವಾಗಲೇ ಚಾರ್ಜಿಗೆ ಹಾಕಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಲಿಥಿಯಂ ಬೆಂಕಿ ಆಟವಲ್ಲ.

ರಿಮೋಟಿನ ಬಗ್ಗೆ ನಮ್ಮ ಸೀಮೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಲೆಗೊದ ಹಳೆಯ ರಿಮೋಟ್ ಟಿವಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡುತ್ತಿತ್ತು. ಮೋಡ ಕವಿದ ಊರಿನಲ್ಲಿ, ಮನೆಯೊಳಗೆ, ಅದು ಸರಿ. ಚಳ್ಳಕೆರೆಯ ನಡುಮಧ್ಯಾಹ್ನದ ಬಿಸಿಲಲ್ಲಿ ಸೂರ್ಯನ ಇನ್‌ಫ್ರಾರೆಡ್ಡೇ ಅದನ್ನು ಮುಳುಗಿಸಿಬಿಡುತ್ತದೆ. ಎದುರಿಗೇ ಹಿಡಿದರೂ ಕಾರು ಮಾತು ಕೇಳುವುದಿಲ್ಲ. ಹೊರಗೆ ಓಡಿಸುವ ಕಾರಿಗೆ 2.4 ಗಿಗಾಹರ್ಟ್ಸ್ ರೇಡಿಯೊ ರಿಮೋಟ್ ಅಥವಾ ಮೊಬೈಲಿನಿಂದ ಬ್ಲೂಟೂತ್ ಬೇಕು. ಬ್ರಷ್ ಮೋಟಾರಿನ ಕಿಡಿ ಈ ರೇಡಿಯೊಗೂ ಕಿರಿಕಿರಿ ಮಾಡುತ್ತದೆ. ಮೋಟಾರಿನ ಎರಡು ತುದಿಗಳ ನಡುವೆ 104 ಎಂದು ಬರೆದಿರುವ ಪುಟ್ಟ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ವೇಗ ಏರಿಸುವವರು ಇಳಿಸುವುದನ್ನೂ ಯೋಚಿಸಬೇಕು. ಇದಕ್ಕೆ ನಮ್ಮ ತಾಲ್ಲೂಕಿನಲ್ಲೇ ದೊಡ್ಡ ಉದಾಹರಣೆಯಿದೆ. ನಾಯಕನಹಟ್ಟಿ ಕಡೆಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ಕೇಂದ್ರದ ರನ್‌ವೇಯಲ್ಲಿ ಇಸ್ರೊದ ಮರುಬಳಕೆಯ ರೆಕ್ಕೆಯ ವಾಹನ ಪುಷ್ಪಕ್ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ತಾನೇ ದಾರಿ ಹಿಡಿದು ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಆ ವಾಹನ ಮೂರನೆಯ ಬಾರಿ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರ್ ದಾಟಿತ್ತು. ಮೊದಲು ಪ್ಯಾರಾಚೂಟ್ ಬಿಚ್ಚಿ ಅದನ್ನು ನೂರರ ಹತ್ತಿರಕ್ಕೆ ಇಳಿಸಿ, ಆಮೇಲೆ ಚಕ್ರಗಳ ಬ್ರೇಕ್ ಹಾಕಲಾಯಿತು. ಚಲನೆಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 320ರಿಂದ 100ಕ್ಕೆ ಇಳಿದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಕಳೆದಂತೆ. ನಮ್ಮ ಆಟಿಕೆಗೂ ಇದೇ ನಿಯಮ: ವೇಗ ಇಮ್ಮಡಿಯಾದರೆ ಗೋಡೆಗೆ ಬಡಿದಾಗಿನ ಪೆಟ್ಟು ನಾಲ್ಕು ಪಟ್ಟು, ಬ್ಲಾಕ್‌ಗಳು ಚೆಲ್ಲಾಪಿಲ್ಲಿ. ಒಳ್ಳೆಯ ಡ್ರೈವರ್ ಬೋರ್ಡುಗಳಲ್ಲಿ ಮೋಟಾರಿನ ಎರಡೂ ತುದಿಗಳನ್ನು ಒಂದಕ್ಕೊಂದು ಸೇರಿಸಿ ತಡೆಯುವ ಸೌಲಭ್ಯವಿದೆ. ಅದನ್ನು ರಿಮೋಟಿನ ಒಂದು ಗುಂಡಿಗೆ ಕೊಟ್ಟುಬಿಡಿ.

ಅಂಗಡಿಯವರ ಅಂಕಿ ನಂಬಲು ಮನಸ್ಸಿಲ್ಲದವರು ಮೋಟಾರನ್ನು ತಾವೇ ಅಳೆಯಬಹುದು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮೋಟಾರಿಗೆ ಚಕ್ರ ಹಾಕಿ, ಟೈರ್ ಮೇಲೆ ದಾರ ಸುತ್ತಿ, ದಾರದ ತುದಿಗೆ ಖಾಲಿ ನೀರಿನ ಬಾಟಲಿ ಕಟ್ಟಿ ಮೇಜಿನ ಅಂಚಿನಿಂದ ತೂಗಬಿಡಿ. ಸ್ವಲ್ಪ ಸ್ವಲ್ಪವೇ ನೀರು ತುಂಬುತ್ತಾ ಪ್ರತಿ ಬಾರಿ ಎತ್ತಲು ಬಿಡಿ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. 250 ಮಿಲಿಲೀಟರಿಗೆ ಮೋಟಾರ್ ನಿಂತುಬಿಟ್ಟರೆ 250ಕ್ಕೆ ಬಾಟಲಿಯ ತೂಕವನ್ನೂ ಸೇರಿಸಿಕೊಂಡು 3.1ರಿಂದ ಗುಣಿಸಿ: 0.8 ಕೆಜಿ-ಸೆಂ.ಮೀ. ಹತ್ತಿರ ಬರುತ್ತದೆ. ನಿಂತ ಕೂಡಲೇ ಸ್ವಿಚ್ ಆರಿಸಬೇಕು, ಎರಡು ಸೆಕೆಂಡಿಗಿಂತ ಹೆಚ್ಚು ಬಿಡಬಾರದು. ಸುತ್ತು ಎಣಿಸಲು ಚಕ್ರದ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಈ ಎರಡು ಅಂಕಿ ಸಿಕ್ಕರೆ ಗ್ರಾಫಿನ ನೇರ ಗೆರೆ ಎಳೆಯಬಹುದು. ಗೆರೆ ಸಿಕ್ಕರೆ ಯಾವ ಗೇರಿಗೆ ಯಾವ ನೆಲದಲ್ಲಿ ಎಷ್ಟು ವೇಗ ಎಂದು ಕಾರು ಕಟ್ಟುವ ಮೊದಲೇ ಹೇಳಬಹುದು. ಎಂಟನೇ ತರಗತಿಯ ಗಣಿತ ಇಷ್ಟಕ್ಕೆ ಸಾಕು. ಹೇಳಿದ ವೇಗವೂ ಓಡಿದ ವೇಗವೂ ಹತ್ತಿರ ಬಂದಾಗ ಮಗುವಿನ ಮುಖ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ನನ್ನ ತೀರ್ಪು ಹೀಗೆ. ಶಾಲೆಯ ಪಡಸಾಲೆಯಲ್ಲಿ ಮಾತ್ರ ಓಡಿಸುವವರಿಗೆ ಒಂದು ಎಲ್ ಅಳತೆಯ ಮೋಟಾರ್, ಮೂರು ಪಟ್ಟಿನ ಗೇರ್. ಚಳ್ಳಕೆರೆಯ ಮಣ್ಣಿನಂಗಳಕ್ಕೆ ಅದೇ ಗೇರಿನಲ್ಲಿ ಎರಡು ಮೋಟಾರ್. ಒಂದೇ ಕೊಳ್ಳಲು ಸಾಧ್ಯವಾದರೆ 20ಕ್ಕೆ 12ರ ಗೇರ್. ಮೊಳಕಾಲ್ಮೂರಿನ ಏರುದಾರಿಗೆ ಎರಡೇ ಬೇಕು, ಮೂರು ಪಟ್ಟಿನ ಗೇರಿನಲ್ಲಿ ಒಂದರಿಂದ ಆಗುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಮುಗಿಸುವವರು ಕಾರನ್ನು ಅರ್ಧ ಕಿಲೋಗೆ ಇಳಿಸಿ ಎರಡು ಎನ್20 ಹಾಕಲಿ. ತೂಕ ಅರ್ಧವಾದರೆ ಎಳೆತವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಕುದಾಪುರದ ಐಐಎಸ್‌ಸಿ ಆವರಣದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ತರಬೇತಿ ಪಡೆದ ವಿಜ್ಞಾನ ಶಿಕ್ಷಕರು ನಮ್ಮ ಸುತ್ತಮುತ್ತ ಇದ್ದಾರೆ. ಅವರಲ್ಲೂ, ಎರಡೂ ತಾಲ್ಲೂಕುಗಳ ಉಳಿದ ಮೇಷ್ಟ್ರು, ಟೀಚರ್‌ಗಳಲ್ಲೂ ನನ್ನದೊಂದು ಕೋರಿಕೆ: ಈ ಬೇಸಿಗೆ ರಜೆಗೆ ಶಾಲೆಗೆ ಬೀಗ ಹಾಕುವ ಮೊದಲು ಬೀರುವಿನಲ್ಲಿರುವ ಸ್ಪ್ರಿಂಗ್ ತಕ್ಕಡಿಯನ್ನು ಹೊರಗೆ ತೆಗೆದು, ಕೇಳಿ ಬಂದ ಮಕ್ಕಳಿಗೆ ಸಹಿ ಹಾಕಿಸಿಕೊಂಡು ಕೊಡಿ.